ತೆಳು ಎಳೆ, ದಟ್ಟ ತಲೆ: ಗುಂಗುರು ಕೂದಲು ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ಗುಂಗುರು ಕೂದಲಿನವರಿಗೆ ಸಿಗುವ ಸಲಹೆ ಒಂದೇ. "ಒಣಗಿಬಿಟ್ಟಿದೆ, ಚೆನ್ನಾಗಿ ಎಣ್ಣೆ ಹಚ್ಚು." ಎಳೆ ದಪ್ಪಗಿದ್ದರೆ ಇದು ಅಷ್ಟೇನೂ ತಪ್ಪಲ್ಲ. ಆದರೆ ಎಳೆ ತೆಳ್ಳಗಿದ್ದು ತಲೆ ತುಂಬ ಕೂದಲಿರುವವರಿಗೆ ಅರ್ಧ ತೊಂದರೆ ಶುರುವಾಗುವುದೇ ಇಲ್ಲಿಂದ. ಇಂಥ ಕೂದಲು ನಿಜವಾಗಿ ಒಣಗಿದೆಯೋ, ಇಲ್ಲಾ ಮೇಲೆ ಏನೋ ಮೆತ್ತಿಕೊಂಡು ಒಣಗಿದ ಹಾಗೆ ಕಾಣುತ್ತಿದೆಯೋ ಅಂತ ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಎರಡರಲ್ಲೂ ಹೊಳಪಿರುವುದಿಲ್ಲ, ಎರಡರಲ್ಲೂ ಸುರುಳಿ ಸರಿಯಾಗಿ ಕಟ್ಟುವುದಿಲ್ಲ. ಮೊದಲನೆಯದಕ್ಕೆ ಏನಾದರೂ ಹಚ್ಚಬೇಕು, ಎರಡನೆಯದಕ್ಕೆ ಹಚ್ಚಿದ್ದನ್ನು ತೆಗೆಯಬೇಕು. ತೆಗೆದು ನೋಡುವುದಕ್ಕೆ ಖರ್ಚು ಕಡಿಮೆ. ಹಾಗಾಗಿ ಇಲ್ಲಿ ಎಲ್ಲ ಕಡೆ ಅದನ್ನೇ ಮೊದಲು ಇಟ್ಟಿದ್ದೇನೆ.

ನಿಮ್ಮ ಕೂದಲು ಈ ಜಾತಿಯದೇನಾ ಅಂತ ಮೊದಲು ನೋಡಿಕೊಳ್ಳಿ. ಉದುರಿದ ಒಂದು ಎಳೆ ತೆಗೆದುಕೊಂಡು ಹೆಬ್ಬೆರಳು, ತೋರುಬೆರಳಿನ ಮಧ್ಯೆ ಹೊರಳಿಸಿ. ಅಲ್ಲಿ ಏನೋ ಇದೆ ಅಂತಲೇ ಅನ್ನಿಸದಿದ್ದರೆ ಎಳೆ ತೆಳು. ಆಮೇಲೆ ಬೈತಲೆ ತೆಗೆಯದೆ ಕೂದಲು ಬಿಟ್ಟುಕೊಂಡು ಲೈಟಿನ ಕೆಳಗೆ ಕನ್ನಡಿ ನೋಡಿ. ನೆತ್ತಿಯ ಚರ್ಮ ಎಲ್ಲೂ ಕಾಣದಿದ್ದರೆ ದಟ್ಟ. ಒಂದೊಂದು ಎಳೆಗೂ ಭಾರ ತಡೆಯುವ ಶಕ್ತಿ ಕಡಿಮೆ, ಆದರೆ ಎಳೆಗಳು ಜಾಸ್ತಿ ಇರುವುದರಿಂದ ನೀರೂ ಶಾಂಪೂವೂ ಬುಡ ಮುಟ್ಟುವುದಿಲ್ಲ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡರಿಂದಲೇ ಬರುತ್ತವೆ. ಲೋಟದ ನೀರಿಗೆ ಕೂದಲು ಹಾಕಿ ತೇಲುತ್ತದೋ ಮುಳುಗುತ್ತದೋ ನೋಡುವ ಪರೀಕ್ಷೆಯನ್ನು ನಂಬಬೇಡಿ. ಎಳೆಯ ಮೇಲೆ ಸ್ವಲ್ಪ ಜಿಡ್ಡಿದ್ದರೂ ಸಾಕು, ಉತ್ತರ ಬದಲಾಗುತ್ತದೆ.

ನೆತ್ತಿಯ ಮೇಲೆ ಚಪ್ಪಟೆ, ಕಿವಿಯಿಂದ ಕೆಳಗೆ ಪೊದೆ

ಮೇಲೆ ಅಂಟಿಕೊಂಡು ಕೆಳಗೆ ತ್ರಿಕೋನದ ಹಾಗೆ ಹರಡಿಕೊಂಡಿದ್ದರೆ ಮೊದಲ ಅನುಮಾನ ಭಾರದ ಮೇಲೆ. ಮುಂದಿನ ತಲೆಸ್ನಾನಕ್ಕೆ ಹಿಂದಿನ ದಿನ ಎಣ್ಣೆ ಬೇಡ. ಕಂಡಿಷನರನ್ನು ಕಿವಿಯಿಂದ ಕೆಳಗೆ ಮಾತ್ರ ಹಚ್ಚಿ, ಪೂರ್ತಿ ತೊಳೆಯಿರಿ. ಕ್ರೀಮು, ಸೀರಮ್ಮು ಏನೂ ಹಚ್ಚದೆ ಒಣಗಲು ಬಿಡಿ. ಬುಡ ಸ್ವಲ್ಪ ಎದ್ದು ನಿಂತರೆ ಕಾರಣ ಸಿಕ್ಕ ಹಾಗೆ. ಹರಳೆಣ್ಣೆ, ಶಿಯಾ ಬೆಣ್ಣೆ ಹಾಕಿದ ಕ್ರೀಮುಗಳು ಇಂಥ ಕೂದಲಿಗೆ ತೀರಾ ಭಾರ, ಹರಳೆಣ್ಣೆಯಂತೂ ತೊಳೆದರೂ ಪೂರ್ತಿ ಹೋಗುವುದಿಲ್ಲ. ಎಣ್ಣೆ ಹಚ್ಚಲೇಬೇಕು ಅನ್ನಿಸಿದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ನಾಲ್ಕಾರು ಹನಿ ಕೊಬ್ಬರಿ ಎಣ್ಣೆಯನ್ನು ತುದಿಗಳಿಗೆ ಮಾತ್ರ ಸವರಿ. ಅದು ಎಳೆಯ ಒಳಗೆ ಇಳಿಯುವ ಎಣ್ಣೆ, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. ತಲೆಯಿಂದ ಕೆನ್ನೆಗೆ ಇಳಿಯುವಷ್ಟು ಹಚ್ಚಿದರೆ ಜಾಸ್ತಿ ಲಾಭವೇನೂ ಇಲ್ಲ, ತೊಳೆಯುವ ಕೆಲಸ ಮಾತ್ರ ಜಾಸ್ತಿ.

ಭಾರ ಇಳಿಸಿದರೂ ಚಪ್ಪಟೆಯಾಗಿದ್ದರೆ ಒಣಗುವ ರೀತಿ ನೋಡಿ. ದಟ್ಟ ಕೂದಲು ಗಂಟೆಗಟ್ಟಲೆ ಒದ್ದೆಯಿರುತ್ತದೆ. ಅಷ್ಟು ಹೊತ್ತೂ ನೀರಿನ ಭಾರ ಬುಡವನ್ನು ಕೆಳಗೆ ಎಳೆಯುತ್ತಿರುತ್ತದೆ, ಹಾಗೇ ಒಣಗಿದರೆ ಬುಡ ಅದೇ ಆಕಾರಕ್ಕೆ ಕೂರುತ್ತದೆ. ತಲೆ ಮುಂದಕ್ಕೆ ಬಗ್ಗಿಸಿ ಒಣಗಿಸಿ, ಇಲ್ಲವೇ ಬೈತಲೆಯ ಅಕ್ಕಪಕ್ಕ ಬುಡದಲ್ಲಿ ಸಣ್ಣ ಕ್ಲಿಪ್ ಸಿಕ್ಕಿಸಿ. ಒದ್ದೆ ತಲೆ ಮೇಲೆ ಹೆಲ್ಮೆಟ್ ಹಾಕಿಕೊಂಡು ಆಫೀಸಿಗೆ ಹೊರಡುವವರಿಗೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ. ಹಿಂದಿನ ಸಂಜೆಯೇ ತಲೆಸ್ನಾನ ಮಾಡಿ, ಹೆಲ್ಮೆಟ್ ಮಾತ್ರ ಬಿಡಬೇಡಿ.

ಕತ್ತರಿ ಕೊನೆಗೆ. ಎಲ್ಲ ಒಂದೇ ಉದ್ದಕ್ಕಿದ್ದರೆ ತ್ರಿಕೋನ ಬರುವುದು ಸಹಜ, ಲೇಯರ್ ಮಾಡಿಸಿದರೆ ಸರಿಹೋಗುತ್ತದೆ. ಪಾರ್ಲರಿನಲ್ಲಿ "ತುಂಬಾ ದಟ್ಟ ಇದೆ, ತೆಳು ಮಾಡ್ತೀನಿ" ಅಂತ ಹಲ್ಲು ಹಲ್ಲಿನ ಕತ್ತರಿ ತೆಗೆದರೆ ಬೇಡ ಅನ್ನಿ. ಅದು ಮಧ್ಯೆ ಮಧ್ಯೆ ಮೋಟು ಎಳೆಗಳನ್ನು ಬಿಡುತ್ತದೆ. ಅವು ಬೆಳೆದು ಸುರುಳಿಗೆ ಸೇರುವವರೆಗೆ ತಿಂಗಳುಗಟ್ಟಲೆ ಎದ್ದು ನಿಂತಿರುತ್ತವೆ.

ತಲೆಸ್ನಾನ ಆದಮೇಲೂ ತೊಳೆದ ಹಾಗೇ ಅನ್ನಿಸುವುದಿಲ್ಲ

ಒಣಗಿದ ಮೇಲೂ ಮೇಣ ಸವರಿದ ಹಾಗಿರುತ್ತದೆ, ಬೆರಳು ಸಲೀಸಾಗಿ ಜಾರುವುದಿಲ್ಲ, ಸುರುಳಿಗಳು ಉದ್ದುದ್ದ ಜೋತುಬಿದ್ದಿರುತ್ತವೆ. ಜನ ಇದನ್ನೇ "ಡ್ರೈ" ಅನ್ನುವುದು, ಮತ್ತೆ ಎಣ್ಣೆ ಹಚ್ಚುವುದು. ಇಲ್ಲಿ ಎರಡು ಸಾಧ್ಯತೆ.

ಒಂದು, ಬುಡಕ್ಕೆ ನೀರೇ ಹೋಗಿಲ್ಲ. ಇದನ್ನು ಬಚ್ಚಲಲ್ಲೇ ನೋಡಬಹುದು. ಎರಡು ಮೂರು ಮಗ್ ನೀರು ಹಾಕಿಕೊಂಡ ಮೇಲೆ, ಶಾಂಪೂ ಮುಟ್ಟುವ ಮೊದಲು, ತಲೆಯ ಹಿಂಭಾಗದ ಕೂದಲಿನೊಳಗೆ ಬೆರಳು ತೂರಿಸಿ ಚರ್ಮ ಮುಟ್ಟಿ. ಮೇಲೆ ನೀರು ಸುರಿಯುತ್ತಿದ್ದರೂ ಒಳಗೆ ಚರ್ಮ ಒಣಗಿರುತ್ತದೆ, ನಂಬಿ. ಕೂದಲನ್ನು ನಾಲ್ಕು ಭಾಗ ಮಾಡಿ, ಒಂದೊಂದನ್ನೇ ಎತ್ತಿ ಬುಡಕ್ಕೆ ನೀರು ಬಿಡಿ. ಶಾಂಪೂವನ್ನು ಅಂಗೈಯಲ್ಲಿ ಹಾಕಿಕೊಂಡು ನೆತ್ತಿಗೆ ತಟ್ಟಿದರೆ ಅದು ನೆತ್ತಿಯಲ್ಲೇ ಉಳಿಯುತ್ತದೆ. ಅರ್ಧ ಮಗ್ ನೀರಿನಲ್ಲಿ ಕದಡಿ ಭಾಗ ಭಾಗಕ್ಕೆ ಸುರಿದುಕೊಳ್ಳಿ. ಸೀಗೆಪುಡಿ ಬಳಸುವವರಿಗೆ ಇದೇ ಜಾಗದಲ್ಲಿ ಇನ್ನೊಂದು ಕಾಟ: ಪುಡಿಯ ನುಚ್ಚು ದಟ್ಟ ಕೂದಲಿನೊಳಗೆ ಸಿಕ್ಕಿಕೊಂಡು, ಒಣಗಿದ ಮೇಲೆ ಕಂದು ಚುಕ್ಕೆಗಳಾಗಿ ಹೆಗಲ ಮೇಲೆ ಬೀಳುತ್ತದೆ. ಅದನ್ನು ಹೊಟ್ಟು ಅಂದುಕೊಂಡು ಔಷಧಿ ತಂದವರಿದ್ದಾರೆ. ಸೀಗೆಕಾಯಿ, ಅಂಟುವಾಳ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ತಿಳಿ ಮಾತ್ರ ಬಳಸಿ. ಕಣ್ಣಿಗೆ ಬಿದ್ದರೆ ಉಜ್ಜದೆ ತುಂಬಾ ನೀರಿನಿಂದ ತೊಳೆಯಿರಿ. ಅಂಟುವಾಳದ ಉರಿ ಸಾಮಾನ್ಯದ್ದಲ್ಲ, ತೊಳೆದ ಮೇಲೂ ಉರಿ ನಿಲ್ಲದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಎರಡು, ನೀರೇ ಸರಿಯಿಲ್ಲ. ಬೋರ್‌ವೆಲ್ಲಿನ ಉಪ್ಪು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ, ಅವು ಎಳೆಗೆ ಕಚ್ಚಿಕೊಳ್ಳುತ್ತವೆ. ನಲ್ಲಿಯ ಬಾಯಲ್ಲಿ ಬಿಳಿ ಗಟ್ಟಿ ಕಟ್ಟಿದೆಯಾ, ಬಕೆಟ್ಟಿನ ಒಳಗೆ ಉಜ್ಜಿದರೂ ಹೋಗದ ಬಿಳಿ ಪದರ ಇದೆಯಾ ನೋಡಿ. ಕೆಂಪು ಕಲೆಯಿದ್ದರೆ ಕಬ್ಬಿಣದ ಅಂಶವೂ ಇರಬಹುದು. ಕಾಸಿಲ್ಲದ ಇನ್ನೊಂದು ಪರೀಕ್ಷೆ ಇದೆ. ಎರಡು ಬಾಟಲಿ ತೆಗೆದುಕೊಂಡು ಒಂದಕ್ಕೆ ಬಚ್ಚಲ ನೀರು, ಇನ್ನೊಂದಕ್ಕೆ ಅಷ್ಟೇ ಮಳೆನೀರು ಅಥವಾ ಆರ್‌ಒ ನೀರು ಹಾಕಿ. ಎರಡಕ್ಕೂ ಒಂದೇ ಅಳತೆಯಲ್ಲಿ ಮೈಸೋಪನ್ನು ತುರಿದು ಹಾಕಿ ಜೋರಾಗಿ ಅಲುಗಾಡಿಸಿ. ಒಂದರಲ್ಲಿ ನೊರೆ ನಿಂತು, ಇನ್ನೊಂದರಲ್ಲಿ ನೊರೆ ಬಾರದೆ ನೀರು ಬೆಳ್ಳಗೆ ಒಡೆದು ಕರಣೆ ಕಟ್ಟಿದರೆ ಅದು ಗಡಸು ನೀರು. ಕುಡಿಯುವ ನೀರಿಗೆ ಇರುವ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಅಂದರೆ "ನಮ್ಮ ನೀರು ಟೆಸ್ಟ್ ಮಾಡಿಸಿದ್ದೇವೆ, ಕುಡಿಯೋಕೆ ಅಡ್ಡಿಯಿಲ್ಲ" ಅಂದ ಮಾತ್ರಕ್ಕೆ ಕೂದಲಿಗೂ ಅಡ್ಡಿಯಿಲ್ಲ ಅಂತಲ್ಲ. ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿರುವ ಎಲ್ಲವನ್ನೂ ಸೇರಿಸಿ ತೋರಿಸುತ್ತದೆ, ಗಡಸುತನ ಒಂದನ್ನೇ ಅಲ್ಲ. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಎಲ್ಲವೂ ಒಂದೇ ಸಂಪಿಗೆ ಬೀಳುತ್ತವೆ. ಒಂದು ವಾರ ಕೂದಲು ಚೆನ್ನಾಗಿದ್ದು ಮುಂದಿನ ವಾರ ಹಾಳಾದರೆ ಶಾಂಪೂವನ್ನು ಬಯ್ಯುವ ಮೊದಲು ಸಂಪಿಗೆ ಯಾವ ನೀರು ಬಂತು ಅಂತ ಕೇಳಿ.

ನೀರಿನ ಮೇಲೆ ಅನುಮಾನ ಬಂದರೆ ಗಡಸುತನ ತೆಗೆಯುವ ಸಾಫ್ಟ್‌ನರ್ ಕೊಳ್ಳಲು ಓಡಬೇಡಿ. ಎಂದಿನಂತೆ ತಲೆಸ್ನಾನ ಮಾಡಿ, ಕೊನೆಯ ಎರಡು ಮೂರು ಮಗ್ ಮಾತ್ರ ಸಿಹಿ ನೀರು ಹಾಕಿ. ಹಳೆಯದು ತುಂಬಾ ಕೂತಿದ್ದರೆ ಇಷ್ಟಕ್ಕೇ ಹೋಗುವುದಿಲ್ಲ, ಖನಿಜ ಬಿಡಿಸುವ ಕೀಲೇಟಿಂಗ್ ಶಾಂಪೂ ಒಮ್ಮೆ ಬೇಕಾಗುತ್ತದೆ. ಲೇಬಲ್ಲಿನಲ್ಲಿ ಖನಿಜ ಹಿಡಿಯುವ ಇಡಿಟಿಎ ಅಂತ ಇದ್ದರೆ ಸಾಕು ಅಂದುಕೊಳ್ಳಬೇಡಿ. ಸಾಮಾನ್ಯ ಶಾಂಪೂಗಳಲ್ಲೂ ಅದು ಚೂರು ಇರುತ್ತದೆ. ಗಡಸು ನೀರಿಗೆಂದೇ ಮಾಡಿದ್ದನ್ನು ನೋಡಿ ತನ್ನಿ. ತಿಂಗಳಿಗೆ ಒಂದೆರಡು ಸಲ ಸಾಕು, ಆದಮೇಲೆ ಕಂಡಿಷನರ್ ಬಿಡಬೇಡಿ. ಆ ಒಂದು ತೊಳೆತಕ್ಕೇ ಸುರುಳಿ ಮತ್ತೆ ಕಟ್ಟಿದರೆ ನಿಮ್ಮ ಕೂದಲು ಒಣಗಿರಲಿಲ್ಲ, ಮೆತ್ತಿಕೊಂಡಿತ್ತು ಅಷ್ಟೇ. ನಲ್ಲಿಗೆ ಸಿಕ್ಕಿಸುವ ಶವರ್ ಫಿಲ್ಟರು ಕ್ಲೋರಿನ್, ಕೆಸರು ಹಿಡಿಯಬಹುದು, ಗಡಸುತನ ತೆಗೆಯುವುದಿಲ್ಲ. ಅದಕ್ಕೆ ಉಪ್ಪು ಹಾಕುವ ಸಾಫ್ಟ್‌ನರೇ ಬೇಕು. ನೀರು ಕುದಿಸಿ, ಆರಿಸಿ, ಮೇಲಿನ ತಿಳಿ ಬಗ್ಗಿಸಿಕೊಂಡರೆ ಗಡಸುತನದ ಒಂದು ಭಾಗ ಬಿಳಿ ಪುಡಿಯಾಗಿ ತಳದಲ್ಲಿ ಉಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ನಿಂಬೆರಸ ಹಿಂಡಿಕೊಂಡು ಬಿಸಿಲಿಗೆ ಹೋಗಬೇಡಿ, ಹಣೆ ಕತ್ತಿನ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ಅಡುಗೆ ಸೋಡಾ ಬೇಡವೇ ಬೇಡ. ಅದರ ಕ್ಷಾರಕ್ಕೆ ಎಳೆಯ ಹೊರಪದರ ಎದ್ದುಬಿಡುತ್ತದೆ, ತೆಳು ಎಳೆ ಅದನ್ನು ತಡೆಯುವುದಿಲ್ಲ.

ಎಲ್ಲ ಎಳೆಯೂ ಎದ್ದು ಹಾರುತ್ತದೆ

ಎಲ್ಲಿ ಎದ್ದಿದೆ ಅಂತ ನೋಡಿ. ಹಣೆಯಂಚಿನಲ್ಲಿ, ನೆತ್ತಿಯ ಮೇಲೆ ಮಾತ್ರ ಗಿಡ್ಡ ಎಳೆಗಳು ನಿಂತಿದ್ದರೆ ಒಂದನ್ನು ಬಿಳಿ ಕಾಗದದ ಮುಂದೆ ಹಿಡಿದು ತುದಿ ಗಮನಿಸಿ. ತುದಿ ಚೂಪಾಗಿ ಸಣ್ಣಗಾಗುತ್ತಾ ಹೋದರೆ ಅದು ಹೊಸ ಕೂದಲು, ಬೆಳೆಯಲು ಬಿಡಿ. ತುದಿ ಮೊಂಡಾಗಿದ್ದರೆ ಅಥವಾ ಸೀಳಿದ್ದರೆ ಮುರಿದದ್ದು. ದಿನಾ ಬಿಗಿಯಾಗಿ ಎಳೆದು ಕಟ್ಟುವ ಜುಟ್ಟು, ಒಂದೇ ಜಾಗಕ್ಕೆ ಹಾಕುವ ರಬ್ಬರ್ ಬ್ಯಾಂಡು ಕಾರಣ ಇರಬಹುದು.

ತಲೆಪೂರ್ತಿ ಹಾರುತ್ತಿದ್ದರೆ ಟವೆಲ್ ಬದಲಾಯಿಸಿ. ಒರಟು ಟವೆಲಿನಿಂದ ತಿಕ್ಕುವುದು ಬಿಟ್ಟು ಹಳೆಯ ಕಾಟನ್ ಬನಿಯನ್ನಿನಲ್ಲಿ ಮೆಲ್ಲಗೆ ಹಿಸುಕಿ. ಒಣಗುವವರೆಗೆ ಕೈ ಹಾಕಬೇಡಿ, ಇದು ಹೇಳಿದಷ್ಟು ಸುಲಭ ಅಲ್ಲ. ಆಮೇಲೆ ಹವೆ. ಮಂಗಳೂರು, ಕಾರವಾರದಲ್ಲಿ ಮಳೆಗಾಲಕ್ಕೆ ಗ್ಲಿಸರಿನ್ ಜಾಸ್ತಿ ಇರುವ ಜೆಲ್ ಹಚ್ಚಿದರೆ ಅದು ಗಾಳಿಯ ತೇವ ಎಳೆದುಕೊಂಡು ಕೂದಲನ್ನು ಉಬ್ಬಿಸುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಗಾಳಿಯಲ್ಲೇ ತೇವ ಇರುವುದಿಲ್ಲ, ಅಲ್ಲಿ ಹೊರಗೆ ಹೋಗುವಾಗ ತೆಳು ಕಾಟನ್ ಬಟ್ಟೆ ಕಟ್ಟಿಕೊಳ್ಳುವುದು ಯಾವ ಸೀರಮ್ಮಿಗಿಂತಲೂ ಮೇಲು. ಲೇಬಲ್ಲಿನ ಮೊದಲ ನಾಲ್ಕೈದು ಹೆಸರುಗಳಲ್ಲಿ ಗ್ಲಿಸರಿನ್ ಇದೆಯಾ ನೋಡಿಕೊಂಡು ಬದಲಾಯಿಸಿ.

ಸುರುಳಿಗೆ ಹಿಡಿತ ಬೇಕಾದರೆ ಕ್ರೀಮಿಗಿಂತ ಜೆಲ್ ಒಳ್ಳೆಯದು, ಭಾರ ಕಡಿಮೆ. ಮನೆಯಲ್ಲೇ ಮಾಡುವುದಾದರೆ ಅಗಸೆ ಬೀಜ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಗಸಿ ಚಟ್ನಿಪುಡಿಗೆಂದು ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಎರಡು ಚಮಚ ಬೀಜಕ್ಕೆ ಎರಡು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಸೌಟೆತ್ತಿದಾಗ ಲೋಳೆ ದಾರವಾಗಿ ಇಳಿಯುತ್ತಿದ್ದ ಹಾಗೇ ಒಲೆ ಆರಿಸಿ, ಬಿಸಿಯಿರುವಾಗಲೇ ಸೋಸಿ. ಆರಿದರೆ ಬೀಜ ಲೋಳೆಯನ್ನು ಬಿಡುವುದೇ ಇಲ್ಲ. ಫ್ರಿಜ್ಜಿನಲ್ಲಿ ಒಂದು ವಾರ, ಅದಕ್ಕಿಂತ ಮೊದಲೇ ವಾಸನೆ ಬಂದರೆ ಚೆಲ್ಲಿ. ತೊಟ್ಟಿಕ್ಕುವಷ್ಟು ಒದ್ದೆ ಇರುವಾಗಲೇ ಹಚ್ಚಿ ಹಿಸುಕಬೇಕು. ಒಣಗಿದಾಗ ಗರಿಗರಿ ಆಗುತ್ತದೆ, ಗಾಬರಿ ಬೇಡ, ಅಂಗೈಯಲ್ಲಿ ಹಿಸುಕಿದರೆ ಮೆತ್ತಗಾಗುತ್ತದೆ.

ಒದ್ದೆಯಾದಾಗ ಜಗ್ಗುತ್ತದೆ, ಅಥವಾ ಎಳೆದ ತಕ್ಷಣ ತುಂಡಾಗುತ್ತದೆ

ಬಾಚುವಾಗ ಉದುರಿದ ಒದ್ದೆ ಎಳೆಯ ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ವಾಪಸ್ ಬಂದರೆ ಆರೋಗ್ಯ. ಹಳೇ ರಬ್ಬರ್ ಬ್ಯಾಂಡಿನ ಹಾಗೆ ಜಗ್ಗುತ್ತಲೇ ಹೋಗಿ ವಾಪಸ್ ಬಾರದಿದ್ದರೆ ಒಳಗಿನ ಪ್ರೋಟೀನ್ ರಚನೆ ಸಡಿಲವಾಗಿದೆ. ಬ್ಲೀಚ್, ಬಣ್ಣ, ಸ್ಟ್ರೇಟನಿಂಗ್ ಮಾಡಿಸಿದವರಲ್ಲಿ ಇದು ಜಾಸ್ತಿ. ಕೂದಲನ್ನು ರಾತ್ರಿಯಿಡೀ ಒದ್ದೆ ಬಿಡುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಿ. ಹೈಡ್ರೊಲೈಸ್ಡ್ ಪ್ರೋಟೀನ್ (ಸಣ್ಣ ಚೂರುಗಳಾಗಿ ಒಡೆದ ಪ್ರೋಟೀನ್) ಇರುವ ಕಂಡಿಷನರನ್ನು ವಾರಕ್ಕೊಮ್ಮೆ ಹಚ್ಚಿ ನೋಡಬಹುದು, ತೆಳು ಎಳೆಗೆ ಅದು ಸಾಮಾನ್ಯವಾಗಿ ಒಗ್ಗುತ್ತದೆ.

ಹಿಗ್ಗದೆ ಪಟ್ ಅಂತ ಕತ್ತರಿಸಿದರೆ, ಕೂದಲು ಗಡುಸಾಗಿ ಸದ್ದು ಮಾಡಿದರೆ, ಪ್ರೋಟೀನ್ ಜಾಸ್ತಿಯಾಗಿರಬಹುದು ಅಥವಾ ಮೇಲೆ ಹೇಳಿದ ಉಪ್ಪು ನೀರಿರಬಹುದು. ಪ್ರೋಟೀನ್ ನಿಲ್ಲಿಸಿ, ಒಮ್ಮೆ ಖನಿಜ ಬಿಡಿಸಿ, ಸಾದಾ ಕಂಡಿಷನರ್ ಹಚ್ಚಿ. ಅಕ್ಕಿ ತೊಳೆದ ನೀರು ಪ್ರೋಟೀನ್ ಚಿಕಿತ್ಸೆ ಅಂತ ಎಲ್ಲರೂ ಹೇಳುತ್ತಾರೆ, ಅದರಲ್ಲಿರುವುದು ಬಹುಪಾಲು ಪಿಷ್ಟ. ಕಾಟನ್ ಸೀರೆಗೆ ಗಂಜಿ ಹಾಕಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ವಾ?

ಒದ್ದೆ ಕೂದಲಿಗೆ ಕೂದಲು ನೇರ ಮಾಡುವ ಇಸ್ತ್ರಿ ಮೆಷಿನ್ನು ಯಾವತ್ತೂ ಬೇಡ, ಎಳೆಯೊಳಗಿನ ನೀರು ಕುದಿದು ಗುಳ್ಳೆಯಾಗಿ ಅಲ್ಲೇ ಮುರಿಯುತ್ತದೆ. ಹಾಗೆ ಹಾಳಾದದ್ದಕ್ಕೆ ಯಾವ ಮಾಸ್ಕೂ ಇಲ್ಲ, ಕತ್ತರಿಯೇ ಗತಿ.

ಕತ್ತಿನ ಹಿಂದೆ ದಿನಾ ಸಿಕ್ಕು

ಶರ್ಟಿನ ಕಾಲರ್, ವೇಲು, ದಿಂಬು, ಇವುಗಳ ತಿಕ್ಕಾಟವೇ ಹೆಚ್ಚಿನ ಸಲ ಕಾರಣ. ಉದುರಿದ ಎಳೆಗಳು ಸುರುಳಿಯೊಳಗೇ ಉಳಿದು ಬಾಕಿ ಕೂದಲಿಗೆ ಸುತ್ತಿಕೊಳ್ಳುವುದು ಇನ್ನೊಂದು. ರಾತ್ರಿ ಸಡಿಲ ಜಡೆ, ಸ್ಯಾಟಿನ್ ದಿಂಬಿನ ಕವರು. ಒಣಗಿದಾಗ ಬಾಚಬೇಡಿ. ಕಂಡಿಷನರ್ ಹಚ್ಚಿದಾಗ ತುದಿಯಿಂದ ಮೇಲಕ್ಕೆ, ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ದಾಸವಾಳದ ಸೊಪ್ಪು ಕಿವುಚಿದ ಲೋಳೆಗೂ ಸಿಕ್ಕು ಚೆನ್ನಾಗಿ ಬಿಡುತ್ತದೆ, ಸೋಸಲು ಮರೆಯಬೇಡಿ. ಗಟ್ಟಿ ಉಂಡೆಯಾಗಿದ್ದರೆ ಎಳೆದಾಡದೆ ಆ ಚೂರನ್ನು ಕತ್ತರಿಸಿ, ಇಷ್ಟು ದಟ್ಟ ತಲೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ತುರಿಕೆ, ಹೊಟ್ಟು, ವಾಸನೆ

ವಾಸನೆ ಮಾತ್ರ ಇದ್ದರೆ ಬುಡ ಒಣಗುವ ಮೊದಲೇ ಜಡೆ ಹಾಕುತ್ತಿರಬಹುದು. ಬುಡ ಒಣಗಿಸಿ, ಬೇಕಾದರೆ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ಒಂದೇ ಕಡೆ ನಿಲ್ಲಿಸದೆ ಆಡಿಸಿ. ಒದ್ದೆ ಕೈಯಲ್ಲಿ, ಬಚ್ಚಲೊಳಗೆ ಡ್ರೈಯರ್ ಬಳಸಬೇಡಿ.

ಬಿಳಿ ಚುಕ್ಕೆ ಕಂಡರೆ ಒಂದನ್ನು ಉಗುರಿನಿಂದ ಸರಿಸಿ. ಉದುರಿದರೆ ಹೊಟ್ಟು. ಎಳೆಗೆ ಅಂಟಿಕೊಂಡು ಜಾರದಿದ್ದರೆ ಹೇನಿನ ಸೀರು. ಹೇನಿಗೆ ಸೀಮೆಎಣ್ಣೆ ಹಚ್ಚುವ ಪದ್ಧತಿ ಕೆಲವು ಕಡೆ ಇನ್ನೂ ಇದೆ, ದಯವಿಟ್ಟು ಬೇಡ, ಬೆಂಕಿ ತಗುಲುವ ಅಪಾಯ, ಚರ್ಮವೂ ಸುಡುತ್ತದೆ.

ಜಿಡ್ಡಾದ ಹಳದಿ ಹೊಟ್ಟು, ಜೊತೆಗೆ ತುರಿಕೆ ಇದ್ದರೆ ಎಣ್ಣೆ ನಿಲ್ಲಿಸಿ. ಮಲಾಸೀಜಿಯಾ ಅನ್ನುವ ಶಿಲೀಂಧ್ರ ನೆತ್ತಿಯ ಜಿಡ್ಡನ್ನೇ ತಿಂದು ಬೆಳೆಯುತ್ತದೆ, "ಒಣಗಿ ಹೊಟ್ಟಾಗಿದೆ" ಅಂತ ಎಣ್ಣೆ ಹಚ್ಚಿದರೆ ಅದಕ್ಕೆ ಊಟ ಬಡಿಸಿದ ಲೆಕ್ಕ. ಮೆಡಿಕಲ್ ಶಾಪಿನಲ್ಲಿ 2% ಕೀಟೊಕೊನಜೋಲ್ ಶಾಂಪೂ ಸಿಗುತ್ತದೆ. ವಾರಕ್ಕೆ ಎರಡು ಸಲ, ಬುಡಕ್ಕೆ ಮಾತ್ರ, 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು. ಗರ್ಭಿಣಿಯರು, ಹಾಲುಣಿಸುವವರು ಮೊದಲು ಡಾಕ್ಟರನ್ನು ಕೇಳಿ. ನಾಲ್ಕು ವಾರಕ್ಕೂ ಬಗ್ಗದಿದ್ದರೆ, ದಪ್ಪ ಬೆಳ್ಳಿ ಬಣ್ಣದ ಪದರ ಹಣೆಗೂ ಇಳಿದಿದ್ದರೆ, ಕೀವು ಬಂದರೆ, ಮಕ್ಕಳ ತಲೆಯಲ್ಲಿ ಕೂದಲು ಹೋಗಿ ಹೊಪ್ಪಳೆ ಎದ್ದಿದ್ದರೆ ಮನೆಮದ್ದು ಬಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ. ಮಕ್ಕಳ ಆ ಹುಳುಕಡ್ಡಿಗೆ ಹಚ್ಚುವ ಔಷಧಿ ಸಾಲದು, ನುಂಗುವ ಔಷಧಿ ಬೇಕು.

ಮುಷ್ಟಿ ತುಂಬ ಉದುರುತ್ತಿದೆ

ಎಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ. ಗುಂಗುರು ಕೂದಲಲ್ಲಿ ಉದುರಿದ್ದು ಅಲ್ಲೇ ಸಿಕ್ಕಿಕೊಂಡಿರುತ್ತದೆ, ವಾರಕ್ಕೊಮ್ಮೆ ತೊಳೆಯುವವರಿಗೆ ಆ ವಾರದ್ದೆಲ್ಲ ಒಂದೇ ದಿನ ಕೈಗೆ ಬರುತ್ತದೆ. ಬಚ್ಚಲಲ್ಲಿ ಬಿದ್ದ ಉಂಡೆ ನೋಡಿಯೇ ತೀರ್ಮಾನಿಸಬೇಡಿ. ಎಳೆಯ ತುದಿಯಲ್ಲಿ ಸಣ್ಣ ಬಿಳಿ ಗುಬುಟು ಇದ್ದರೆ ಬುಡದಿಂದ ಉದುರಿದ್ದು. ಇಲ್ಲದಿದ್ದರೆ ಅದು ಮಧ್ಯೆ ಮುರಿದದ್ದಿರಬಹುದು, ಹಿಂದಿನ ಭಾಗಗಳನ್ನು ನೋಡಿ.

ನಿಜವಾಗಿಯೂ ಜಾಸ್ತಿ ಅನ್ನಿಸಿದರೆ ಎರಡು ಮೂರು ತಿಂಗಳು ಹಿಂದಕ್ಕೆ ಯೋಚಿಸಿ. ಡೆಂಗಿಯಂಥ ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಇವುಗಳ ಲೆಕ್ಕ ಕೂದಲು ತಡವಾಗಿ ತೀರಿಸುತ್ತದೆ. ಹೆಚ್ಚಿನವರಿಗೆ ಅದು ತಾನಾಗಿಯೇ ನಿಲ್ಲುತ್ತದೆ. ಅಂಥದ್ದೇನೂ ಇಲ್ಲದಿದ್ದರೆ, ಅಥವಾ ಆರು ತಿಂಗಳಾದರೂ ನಿಲ್ಲದಿದ್ದರೆ ಡಾಕ್ಟರು ರಕ್ತದಲ್ಲಿ ಹಿಮೊಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ನೋಡಿಸುತ್ತಾರೆ. ನಾಣ್ಯದಗಲ ನುಣ್ಣಗೆ ಬೋಳಾದರೆ, ಬೈತಲೆ ಅಗಲವಾಗುತ್ತಾ ಹೋದರೆ, ನೆತ್ತಿ ಉರಿದು ನೋಯುತ್ತಿದ್ದರೆ ಕಾಯಬೇಡಿ. ದಟ್ಟ ಕೂದಲಿನವರಲ್ಲಿ ತೆಳುವಾಗುವುದು ತುಂಬಾ ತಡವಾಗಿ ಕಣ್ಣಿಗೆ ಬೀಳುತ್ತದೆ. ಬೈತಲೆಯ ಫೋಟೋವನ್ನು ತಿಂಗಳಿಗೊಮ್ಮೆ ಒಂದೇ ಬೆಳಕಲ್ಲಿ ತೆಗೆದಿಟ್ಟುಕೊಂಡರೆ ಡಾಕ್ಟರಿಗೆ ತೋರಿಸಲೂ ಆಗುತ್ತದೆ.

"ಸಾಕಾಗಿದೆ, ಸ್ಮೂದನಿಂಗ್ ಮಾಡಿಸಿಬಿಡ್ತೀನಿ" ಅನ್ನಿಸಿದಾಗ

ಮಾಡಿಸುವುದು ಬಿಡುವುದು ನಿಮ್ಮಿಷ್ಟ. ಆದರೆ ಬಾಟಲಿಯ ಲೇಬಲ್ ಓದದೆ ಕುರ್ಚಿಯಲ್ಲಿ ಕೂರಬೇಡಿ. ಸ್ಮೂದನಿಂಗ್ ಅಂದರೆ ರಾಸಾಯನಿಕ ಹಚ್ಚಿ, ಬಿಸಿ ಕೊಟ್ಟು ಕೂದಲನ್ನು ನೇರ ಮಾಡುವುದು. ಅದಕ್ಕೆ ಬಳಸುವ ಎಷ್ಟೋ ಕೆರಾಟಿನ್ ಚಿಕಿತ್ಸೆಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಅಥವಾ ಬಿಸಿ ತಾಗಿದಾಗ ಹೊರಬರುತ್ತದೆ. ಕಣ್ಣು, ಗಂಟಲು ಉರಿಯುವುದು ಅದರಿಂದಲೇ, ಅದು ಕ್ಯಾನ್ಸರ್‌ಕಾರಕವೂ ಹೌದು. ಅದರ ಬದಲು ಗ್ಲೈಆಕ್ಸಿಲಿಕ್ ಆಸಿಡ್ ಇರುವವು ಬಂದಿವೆ. ಅವುಗಳನ್ನು ಹಚ್ಚಿಸಿಕೊಂಡ ಮೇಲೆ ಕಿಡ್ನಿಗೆ ಪೆಟ್ಟಾದ ಪ್ರಕರಣಗಳನ್ನು ಇಸ್ರೇಲ್, ಫ್ರಾನ್ಸಿನ ಡಾಕ್ಟರುಗಳು ವರದಿ ಮಾಡಿದ್ದಾರೆ. ಗರ್ಭಿಣಿಯರು, ಅಸ್ತಮಾ ಅಥವಾ ಕಿಡ್ನಿ ತೊಂದರೆ ಇರುವವರು, ನೆತ್ತಿಯಲ್ಲಿ ಗಾಯ ಇರುವವರು ಎರಡರಿಂದಲೂ ದೂರ ಇರಿ. ಮಾಡಿಸಿಕೊಂಡು ಬಂದ ಮೇಲೆ ವಾಕರಿಕೆ, ವಾಂತಿ, ಹೊಟ್ಟೆ ಅಥವಾ ಬೆನ್ನು ನೋವು ಶುರುವಾದರೆ, ಮೂತ್ರ ಕಡಿಮೆಯಾದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ತಲೆಗೆ ಏನು ಹಚ್ಚಿಸಿಕೊಂಡಿರಿ ಅಂತ ಅಲ್ಲಿ ತಾವಾಗಿ ಯಾರೂ ಕೇಳದಿರಬಹುದು, ನೀವೇ ಹೇಳಿ, ಬಾಟಲಿಯ ಫೋಟೋ ಇದ್ದರೆ ತೋರಿಸಿ.